ಎಪ್ಪತ್ತೆಂಟು ಕಿಲೋದ ಭಾವ

ನನ್ನ ಅಕ್ಕನ ಗಂಡ ಹಲ್ಲಿನ ಡಾಕ್ಟರು. ಬೇರೆಯವರ ಬಾಯಿ ತೆರೆಸುವುದು ಅವರ ಕಸುಬು. ತಮ್ಮ ಬಾಯಿ ಮುಚ್ಚುವುದನ್ನು ಅವರಿಗೆ ಯಾರೂ ಕಲಿಸಿಲ್ಲ. ಆ ಶನಿವಾರ ಬೆಳಿಗ್ಗೆ ನನ್ನ ಸೈಕಲ್ ಅಂಗಡಿಗೆ ಬಂದವರು ಹೆಲ್ಮೆಟ್ ಕೂಡ ತೆಗೆಯದೆ ಶುರುಹಚ್ಚಿಕೊಂಡರು.

“ಹಾರ್ಡ್‌ಟೇಲ್ ಕಾಲ ಮುಗೀತು ಕಣಮ್ಮ. ಇನ್ನೇನಿದ್ರೂ ಫುಲ್ ಸಸ್ಪೆನ್ಷನ್.”

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಗುಡ್ಡದ ಸೈಕಲ್‌ಗಳಲ್ಲಿ ಹಾರ್ಡ್‌ಟೇಲ್ ಎಂದರೆ ಮುಂದಿನ ಚಕ್ರಕ್ಕೆ ಮಾತ್ರ ಸಸ್ಪೆನ್ಷನ್ ಇರುವಂಥದ್ದು. ಹಿಂದಿನ ಚಕ್ರ ಕಲ್ಲಿಗೆ ಬಡಿದರೆ ಸುದ್ದಿ ನೇರವಾಗಿ ಸವಾರನ ಸೊಂಟಕ್ಕೆ ತಲುಪುತ್ತದೆ. ಫುಲ್ ಸಸ್ಪೆನ್ಷನ್‌ನಲ್ಲಿ ಹಿಂದೆಯೂ ಗಾಳಿ ತುಂಬಿದ ಶಾಕ್ ಅಬ್ಸಾರ್ಬರ್, ನಮ್ಮ ಬಾಯಲ್ಲಿ ಬರೀ ಶಾಕ್, ಇರುವುದರಿಂದ ಸುದ್ದಿ ಮೆತ್ತಗೆ ತಲುಪುತ್ತದೆ. ಅದಕ್ಕೆ ಬೆಲೆಯೂ ಜಾಸ್ತಿ, ಭಾರವೂ ಜಾಸ್ತಿ, ರಿಪೇರಿಯ ತಲೆನೋವೂ ಜಾಸ್ತಿ. ನಮ್ಮ ಊರ ಹಿಂದಿನ ಗುಡ್ಡಕ್ಕೆ ಹಾರ್ಡ್‌ಟೇಲ್ ಸಾಕೋ ಸಾಕು. ನಾನು ಹನ್ನೊಂದು ವರ್ಷದಿಂದ ಅದರಲ್ಲೇ ಇಳಿಯುತ್ತಿದ್ದೇನೆ, ನನ್ನ ಸೊಂಟ ಇನ್ನೂ ಇದ್ದಲ್ಲೇ ಇದೆ.

“ಭಾವ, ನಿಮ್ಮ ಹಳೇ ಸೈಕಲ್‌ಗೇ ಅಗಲದ ಟೈರ್ ಹಾಕಿಕೊಡ್ತೀನಿ. ಹಾಯಾಗಿರುತ್ತೆ.”

“ಟೈರ್ ಬಗ್ಗೆನೇ ಐವತ್ತು ವಿಡಿಯೊ ನೋಡಿದೀನಿ.”

“ಮತ್ತೆ ಸೈಕಲ್ ಓಡಿಸೋದು ಯಾವಾಗ?”

ಅವರು ನಗಲಿಲ್ಲ. ಸ್ಟೂಲಿನ ಮೇಲೆ ಕೂತು, ಹೊರಗೆ ತನ್ನ ಸೈಕಲ್ಲಿನ ಚೈನ್ ಒರೆಸುತ್ತಿದ್ದ ಮಗಳ ಕಡೆ ನೋಡಿ ದನಿ ತಗ್ಗಿಸಿದರು.

“ಮೂರು ಭಾನುವಾರ ಆಯ್ತು, ಅವಳು ಫ್ರೆಂಡ್ಸ್ ಜೊತೆ ಗುಡ್ಡಕ್ಕೆ ಹೋಗ್ತಿದಾಳೆ. ಏಳು ವರ್ಷ ನಾವಿಬ್ಬರೇ ಹೋಗ್ತಿದ್ವಿ. ಇಳಿಯುವಾಗ ನಾನು ಹಿಂದೆ ಬೀಳ್ತೀನಲ್ಲ, ಬೇಜಾರು ಬಂದಿರಬೇಕು. ನಾಳೆ ಒಂದು ಸಲ ಬಾ ಅಂತ ಗೋಗರೆದು ಒಪ್ಪಿಸಿದೀನಿ. ನಾಳೆಯೂ ಹಿಂದೆ ಬಿದ್ದರೆ ಮುಗೀತು. ಆಮೇಲೆ ಅವಳನ್ನ ಕರೆಯೋಕೆ ನನಗೆ ಮುಖ ಇರಲ್ಲ.”

ಹದಿನೇಳರ ಹುಡುಗಿ ಅಪ್ಪನನ್ನು ಬಿಟ್ಟು ಗೆಳತಿಯರ ಜೊತೆ ಹೋದರೆ ಲೋಕ ಅದನ್ನು ಬೆಳೆಯುವುದು ಎನ್ನುತ್ತದೆ. ನಮ್ಮ ಡಾಕ್ಟರು ಅದನ್ನು ಸಸ್ಪೆನ್ಷನ್ ಸಮಸ್ಯೆ ಎಂದು ತೀರ್ಮಾನಿಸಿದ್ದರು. ಆದರೂ ಆ ತಗ್ಗಿದ ದನಿ ಕೇಳಿ ನನಗೆ ಪಾಪ ಅನ್ನಿಸಿತು. ಅನ್ನಿಸಿದ್ದು ಸುಮಾರು ಐದು ನಿಮಿಷ. ಆರನೆಯ ನಿಮಿಷಕ್ಕೆ ಅವರು ಅಂಗಡಿಯಲ್ಲಿದ್ದ ಫುಲ್ ಸಸ್ಪೆನ್ಷನ್ ಸೈಕಲ್ಲೊಂದನ್ನು ಕೊಂಡು, ಅದರ ಶಾಕಿಗೆ ಗಾಳಿ ತುಂಬುವ ಕ್ರಮದ ಬಗ್ಗೆ ನನಗೆ ಪಾಠ ಶುರುಮಾಡಿದರು.

ಹಿಂದಿನ ಶಾಕಿಗೆ ಎಷ್ಟು ಗಾಳಿ ಎಂಬುದು ಸವಾರನ ತೂಕದ ಮೇಲೆ ನಿಂತಿದೆ. ಕಡಿಮೆಯಾದರೆ ಸೈಕಲ್ ಕುಸಿದು, ಪೆಡಲ್ ನೆಲಕ್ಕೆ ಹತ್ತಿರವಾಗುತ್ತದೆ. ಅದಕ್ಕೇ ನಾವು ತೂಕ ಕೇಳುವುದು. ಹೇಳಿದ್ದನ್ನು ನಂಬುವುದಿಲ್ಲ, ಅದು ಬೇರೆ ಮಾತು. ನಲವತ್ತು ದಾಟಿದ ಗಂಡಸರು ಹೇಳುವ ತೂಕ ಅವರ ಮದುವೆಯ ದಿನದ್ದು. ಹಾಗಾಗಿ ಎಂಟು ಹತ್ತು ಕಿಲೋ ಸೇರಿಸಿಕೊಂಡು ಗಾಳಿ ತುಂಬಿ, ಆಮೇಲೆ ಅವರನ್ನೇ ಸೈಕಲ್ ಮೇಲೆ ಕೂರಿಸಿ, ಎಷ್ಟು ಕುಸಿಯಿತೆಂದು ಅಳೆದು ಸರಿಮಾಡುವುದು ನನ್ನ ಅಂಗಡಿಯ ಪದ್ಧತಿ.

ನಾನು ತೂಕ ಕೇಳುವ ಹೊತ್ತಿಗೆ ಮಗಳು ಒಳಗೆ ಬಂದು ನಿಂತಿದ್ದಳು.

“ಎಪ್ಪತ್ತೆಂಟು,” ಎಂದರು ಭಾವ, ಹೊಟ್ಟೆ ಒಳಗೆಳೆದುಕೊಂಡು.

ದಿನಾ ಎರಡು ಸಲ ಹಲ್ಲುಜ್ಜುತ್ತೀರಾ ಎಂದು ಮೂವತ್ತು ಜನರನ್ನು ಕೇಳಿ ಮೂವತ್ತು ಸುಳ್ಳು ಕೇಳಿಸಿಕೊಳ್ಳುವ ಮನುಷ್ಯ ಇಷ್ಟು ಕಳಪೆ ಸುಳ್ಳು ಹೇಳಬಾರದಿತ್ತು. ತೊಂಬತ್ತೆರಡಕ್ಕೆ ಒಂದು ಗ್ರಾಂ ಕಡಿಮೆ ಇಲ್ಲ ಎಂದು ನನ್ನ ಕಣ್ಣೇ ಹೇಳುತ್ತಿತ್ತು.

“ಮೇಲೆ ಕೂತ್ಕೊಳ್ಳಿ ಭಾವ, ಎಷ್ಟು ಕುಸಿಯುತ್ತೆ ನೋಡೋಣ.”

“ಏನೂ ಬೇಡ. ಎಪ್ಪತ್ತೆಂಟಕ್ಕೆ ಎಷ್ಟು ಗಾಳಿ ಅಂತ ಕಂಪನಿ ಪುಸ್ತಕದಲ್ಲೇ ಇದೆ. ಅಷ್ಟು ಹಾಕು ಸಾಕು. ನೀವೆಲ್ಲ ಬರೀ ಅಂದಾಜಲ್ಲೇ ಕೆಲಸ ಮಾಡೋರು.”

ಅಂದಾಜಂತೆ! ನನಗೆ ಪಿತ್ತ ನೆತ್ತಿಗೇರಿತು. ಎಪ್ಪತ್ತೆಂಟು ತಾನೇ, ತಗೊಳ್ಳಿ ಎಂದುಕೊಂಡು ಪುಸ್ತಕದಲ್ಲಿದ್ದಷ್ಟೇ ತುಂಬಿದೆ.

ಮಾರನೆಯ ದಿನ ಮೂವರೂ ಗುಡ್ಡ ಹತ್ತಿದೆವು. ಹೊಸ ಸೈಕಲ್, ಎಲ್ಲಾದರೂ ಸಡಿಲವಾದರೆ ನೋಡಬೇಕಲ್ಲ ಎಂಬುದು ನನ್ನ ನೆಪ. ನಿಜ ಹೇಳಬೇಕೆಂದರೆ ತಮಾಷೆ ನೋಡಲು ಹೋಗಿದ್ದೆ. ಭಾವನ ಸೈಕಲ್ಲಿನ ಹಿಂಭಾಗ ಹತ್ತುವಾಗಲೇ ಎಮ್ಮೆ ಕೂತಂತೆ ಕೂತುಬಿಟ್ಟಿತ್ತು.

“ಹಾಸಿಗೆ ಮೇಲೆ ಕೂತ ಹಾಗಿದೆ!” ಎಂದು ಅವರು ಏದುಸಿರಿನಲ್ಲೇ ಹೊಗಳಿದರು. ನನ್ನ ಚೀಲದಲ್ಲಿ ಶಾಕಿನ ಪಂಪು ಇತ್ತು. ಎರಡು ನಿಮಿಷದ ಕೆಲಸ. ಅವರೇ ಬಾಯಿಬಿಟ್ಟು ಕೇಳಲಿ ಎಂದು ನಾನು ಸುಮ್ಮನಿದ್ದೆ.

ಮೇಲಿನ ನೀರಿನ ಟ್ಯಾಂಕಿನ ಬಳಿಯಿಂದ ಇಳಿಜಾರು ಶುರು. ಹುಡುಗಿ ತನ್ನ ಹಾರ್ಡ್‌ಟೇಲ್‌ನಲ್ಲಿ ಸಲೀಸಾಗಿ ಇಳಿದಳು. ಭಾವ ಅವಳ ಬೆನ್ನಿಗೇ ಬಿದ್ದರು. ಅಷ್ಟು ಜೋರಾಗಿ ಅವರು ಇಳಿದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಮೊದಲ ಎರಡು ತಿರುವು ದಾಟಿದರು. ಮೂರನೆಯದರಲ್ಲಿ ಪೆಡಲ್ ಒಂದು ಬಂಡೆಗೆ ಬಡಿಯಿತು. ಸೈಕಲ್ ನಿಂತಿತು, ಭಾವ ನಿಲ್ಲಲಿಲ್ಲ.

ನಾನು ತಲುಪಿದಾಗ ಪೊದೆಯ ಹೊರಗೆ ಕಾಣುತ್ತಿದ್ದದ್ದು ಎರಡು ಬೂಟು ಮಾತ್ರ. ಮಗಳು ಸೈಕಲ್ ಎಸೆದು ಮೇಲಕ್ಕೆ ಓಡಿಬಂದಳು. ಇಬ್ಬರೂ ಸೇರಿ ಎಳೆದು ಕೂರಿಸಿದೆವು. ಮೊಣಕೈ ತರಚಿ ರಕ್ತ ಬರುತ್ತಿತ್ತು, ಮೂಳೆ ಮುರಿದಿರಲಿಲ್ಲ. ಒಂದೇ ಒಂದು ಕೊಂಕು ಮಾತೂ ನನಗೆ ಹೊಳೆಯಲಿಲ್ಲ.

“ತಪ್ಪು ನಂದು ಭಾವ. ಗಾಳಿ ಸಾಲದು ಅಂತ ಗೊತ್ತಿದ್ದೂ ಬಾಯಿ ಬಿಡಲಿಲ್ಲ.”

“ತೂಕ ಹೇಳಿದ್ದು ನಾನು ತಾನೇ,” ಎಂದು ನರಳಿದರು. “ತೊಂಬತ್ತನಾಲ್ಕು.”

ಎರಡು ಕಿಲೋ ನಾನೂ ತಪ್ಪಿದ್ದೆ.

ಮಗಳು ಅವರ ಮೊಣಕೈಗೆ ನೀರು ಹಾಕುತ್ತಿದ್ದವಳು ಇದ್ದಕ್ಕಿದ್ದಂತೆ ಬಾಟಲಿ ಕೆಳಗಿಟ್ಟಳು.

“ಇದಕ್ಕೇ ಅಪ್ಪ, ನಾನು ನಿನ್ನ ಜೊತೆ ಬರೋದು ಬಿಟ್ಟಿದ್ದು.”

“ಗೊತ್ತು ಪುಟ್ಟಿ. ನಾನು ನಿಧಾನ...”

“ನಿಧಾನ ಅಂತಲ್ಲ! ನಿಧಾನ ಬರಲ್ಲವಲ್ಲ, ಅದಕ್ಕೆ. ನನ್ನ ಸಮ ಬರಬೇಕು ಅಂತ ಹುಚ್ಚುಹುಚ್ಚಾಗಿ ಇಳಿತೀಯ. ಪ್ರತಿ ತಿರುವಲ್ಲೂ ಹಿಂದೆ ನೀನು ಬಿದ್ದ ಸದ್ದು ಕೇಳಿಸುತ್ತೇನೋ ಅಂತ ನನಗೆ ಜೀವ ಹೋಗುತ್ತೆ. ಇವತ್ತು ಕೇಳಿಸ್ತು.”

ಅವಳು ಅಳುತ್ತಿದ್ದಳು. ಭಾವ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಕನ್ನಡಕದಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

“ಮುಂದಿನ ವಾರ...” ಎನ್ನುತ್ತ ಕನ್ನಡಕ ಮತ್ತೆ ಹಾಕಿಕೊಂಡರು.

“ಬರ್ತೀನಿ. ಆದರೆ ನೀನು ಮುಂದೆ ಹೋಗಬೇಕು, ನಿನಗೆ ಹೇಗೆ ಆಗುತ್ತೋ ಹಾಗೆ. ನಾನು ಹಿಂದೆ ಬರ್ತೀನಿ.”

ನಾನು ಶಾಕಿಗೆ ತೊಂಬತ್ತನಾಲ್ಕು ಕಿಲೋದ ಗಾಳಿ ತುಂಬಿದೆ. ನಾನು ಹೇಳಿದ ತಕ್ಷಣ ಭಾವ ತೆಪ್ಪಗೆ ಸೈಕಲ್ ಮೇಲೆ ಕೂತು ಅಳತೆ ಕೊಟ್ಟರು. ಆಮೇಲೆ ಮೂವರೂ ಹೊರಟೆವು. ಮುಂದೆ ಭಾವ, ನಡುವೆ ಮಗಳು, ಕೊನೆಗೆ ನಾನು. ಎರಡು ಬ್ರೇಕೂ ಹಿಡಿದುಕೊಂಡು ಅವರು ಎಷ್ಟು ನಿಧಾನ ಇಳಿದರೆಂದರೆ, ವಾಕಿಂಗ್ ಬಂದಿದ್ದ ಇಬ್ಬರು ಅಜ್ಜಿಯರು ನಮ್ಮ ಹಿಂದೆ ಬಂದು ಸಿಕ್ಕಿಕೊಂಡರು.

“ಸ್ವಲ್ಪ ದಾರಿ ಬಿಡ್ತೀರಾ?” ಎಂದು ಕೇಳಿದರು ಒಬ್ಬರು.

ಭಾವ ಇಳಿದು ಪಕ್ಕಕ್ಕೆ ಸರಿದು, “ಹೋಗಿ ಅಮ್ಮ,” ಎಂದರು. ದಾರಿ ಅಲ್ಲಿ ಬೇಕಾದಷ್ಟು ಅಗಲವಿತ್ತು. ಅಜ್ಜಿಯರ ಜೊತೆಗೇ ಹುಡುಗಿಯೂ ಮುಂದೆ ಹೋಗಿಬಿಡಬಹುದಿತ್ತು. ಅವಳು ಒಂದು ಕಾಲು ನೆಲಕ್ಕೂರಿ, ಅಪ್ಪ ಮತ್ತೆ ಹತ್ತಿ ಹೊರಡುವವರೆಗೂ ಹಿಂದೆಯೇ ನಿಂತಿದ್ದಳು.