ಹದಿನಾಲ್ಕನೇ ಕುರಿ

ಹೆಣ ಎತ್ತಲು ನಾಲ್ವರು ಬಾಗಿದ್ದರು.

"ಒಂದ್ನಿಮಿಷ ತಡೀರಪ್ಪ, ದುರ್ಗದಿಂದ ನಮ್ಮ ಮೇಡಂ ಬಂದ್ರು," ಎಂದು ಪ್ರಯೋಗಾಲಯದ ಸಹಾಯಕ ನಾಗಭೂಷಣ ಕೂಗಿದ. ಜನ ದಾರಿ ಬಿಟ್ಟರು. ಅನುಸೂಯ ಮುಂದೆ ಬಂದು, ದೊಡ್ಡತಿಮ್ಮಪ್ಪನ ಹೆಣದ ಕಾಲ ಬಳಿ ಕೂತು ಕೈಮುಗಿದಳು. ತಲೆಯ ಬಳಿ ಅವನ ಹೆಂಡತಿ ದುರುಗಕ್ಕ ಕೂತಿದ್ದಳು. ಅವಳ ಮುಖ ನೋಡಲು ಅನುಸೂಯಳಿಗೆ ಧೈರ್ಯ ಬರಲಿಲ್ಲ.

*

ಈ ತಾಳ್ಯ ಊರಿನ ದೊಡ್ಡತಿಮ್ಮಪ್ಪ ದುರ್ಗದಲ್ಲಿದ್ದ ಅನುಸೂಯಳ ಸಂಶೋಧನಾ ಕೇಂದ್ರದ ಕುರಿಗಳನ್ನು ಒಂಬತ್ತು ವರ್ಷ ನೋಡಿಕೊಂಡಿದ್ದ. ನರದ ಸುದ್ದಿಯನ್ನು ಸ್ನಾಯುವಿಗೆ ಮುಟ್ಟಿಸುವ ಗ್ರಾಹಕ, ಅಂದರೆ ರಿಸೆಪ್ಟರ್, ಒಂದಿದೆ. ಐದು ತುಂಡು ಕೂಡಿ ಆದದ್ದು. ಅದರಲ್ಲಿ ಒಂದೇ ಒಂದು ತುಂಡನ್ನು ಗುರುತು ಹಿಡಿದು ಅಂಟಿಕೊಳ್ಳುವ ಪ್ರತಿಕಾಯ, ಅಂದರೆ ಆಂಟಿಬಾಡಿ, ಅವಳಿಗೆ ಬೇಕಿತ್ತು. ಆ ತುಂಡನ್ನು ಕುರಿಗೆ ಚುಚ್ಚಿದರೆ ಕೆಲವು ವಾರಗಳಲ್ಲಿ ಅದರ ರಕ್ತದಲ್ಲಿ ಪ್ರತಿಕಾಯ ಹುಟ್ಟುತ್ತದೆ.

"ಹೊಗೆಸೊಪ್ಪಿನ ಸತ್ವಾನೂ ಅಲ್ಲೇ ಹೋಗಿ ಕೂರುತ್ತೆ ತಿಮ್ಮಪ್ಪ," ಎಂದು ಒಮ್ಮೆ ಅವಳು ಹೇಳಿದ್ದಳು.

"ಹಂಗಾದ್ರೆ ನನ್ನೊಳಗೆ ಜಾಗ ಖಾಲಿ ಇಲ್ಲ ಬಿಡ್ರಿ," ಎಂದು ಅವನು ನಕ್ಕಿದ್ದ.

ಪ್ರತಿಕಾಯ ಅಂಟಿದ ಕಡೆ ಬಣ್ಣ ಕಾಣುವ ಪರೀಕ್ಷೆಯಲ್ಲಿ ಹದಿನಾಲ್ಕನೇ ಕುರಿಯದು, ಆ ಗ್ರಾಹಕ ಇರಬಹುದೆಂದು ಯಾರೂ ಎಣಿಸದಿದ್ದ ಜಾಗದಲ್ಲಿ ಬಣ್ಣ ಮೂಡಿಸಿತು. ಎರಡು ವರ್ಷದ ದುಡಿಮೆ. ಅದರ ಲೇಖನ ವಿಜ್ಞಾನ ಪತ್ರಿಕೆಗೆ ಹೋಗಿಯಾಗಿತ್ತು. ಆಗ ತಿಮ್ಮಪ್ಪ ಬಾಗಿಲಲ್ಲಿ ಬಂದು ನಿಂತ.

"ಮೇಡಮ್ಮಾರೆ, ಅದು ಹದಿನಾಲ್ಕಲ್ರಿ. ನಾನು ಊರಿಗೆ ಹೋದಾಗ ಅದರ ಕಿವಿ ನಂಬರ್ ಬಿಲ್ಲೆ ಬಿದ್ದೋಗೈತೆ, ಯಾರೋ ತಂದು ಬೇರೆ ಕುರಿಗೆ ಹಾಕ್ಯಾರೆ. ಇದಕ್ಕೆ ನೀವು ಸೂಜೀನೇ ಚುಚ್ಚಿಲ್ಲ."

"ಹೆಂಗೆ ಹೇಳ್ತೀರಾ?"

"ಮಕ ಗೊತ್ತಾಗ್ತದಲ್ರಿ."

ಅವತ್ತಿನವರೆಗೂ ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದವಳು, "ಕುರಿ ಕಾಯೋದು ನಿನ್ನ ಕೆಲಸ. ಅಷ್ಟು ಮಾಡು, ಹೋಗು," ಎಂದುಬಿಟ್ಟಳು.

ಮರುವಾರ ಅವನು ಕೆಲಸ ಬಿಟ್ಟ. ಅವಳು ಮತ್ತೆ ಪರೀಕ್ಷೆ ಮಾಡಿದಳು. ಅವನ ಮಾತೇ ನಿಜವಾಗಿತ್ತು. ಏನನ್ನೂ ಚುಚ್ಚದ ಕುರಿಯ ರಕ್ತವೂ ಬಣ್ಣ ಮೂಡಿಸುವುದಾದರೆ ಆ ಬಣ್ಣಕ್ಕೆ ಅರ್ಥವೇ ಇರಲಿಲ್ಲ. ಅಚ್ಚಾಗುವ ಮೊದಲೇ ಲೇಖನವನ್ನು ವಾಪಸು ತೆಗೆದುಕೊಂಡಳು. ಆದರೆ ತಾಳ್ಯಕ್ಕೆ ಬಂದು ಅವನಿಗೊಂದು ಮಾತು ಹೇಳಲು ನಾಲ್ಕು ವರ್ಷವಾದರೂ ಅವಳಿಗೆ ಆಗಲಿಲ್ಲ.

*

ಮಣ್ಣು ಮಾಡಿ ಬಂದವರು ಕೈಕಾಲು ತೊಳೆಯುತ್ತಿದ್ದರು. ಅನುಸೂಯ ದುರುಗಕ್ಕನ ಪಕ್ಕದಲ್ಲಿ ಹೋಗಿ ಕೂತಳು.

"ದುರುಗಕ್ಕ, ತಿಮ್ಮಪ್ಪ ಕೆಲಸ ಬಿಟ್ಟಿದ್ದು ನನ್ನಿಂದ. ಅವರು ಹೇಳಿದ್ದೇ ಸರಿ ಇತ್ತು. ನಾನು ಬಂದು ಹೇಳ್ಬೇಕಿತ್ತು."

"ಯಾರಂದ್ರು?" ದುರುಗಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನಾನು ಕಾಲು ಮುರ್ಕಂಡು ಮಲಗಿದ್ದೆ ಕಣವ್ವ, ಅದಕ್ಕೆ ಅವರು ಕೆಲಸ ಬಿಟ್ಟು ಬಂದಿದ್ದು. ನೀವು ಬರೆದಿದ್ದನ್ನ ವಾಪಸ್ ತಗಂಡ್ರಿ ಅಂತ ನಾಗಭೂಷಣ ಆವಾಗ್ಲೇ ಫೋನ್ನಾಗೆ ಹೇಳಿದ್ದ. ಅವತ್ತು ಮಗಳ ಕೈಲಿ ಹೋಳಿಗೆ ಮಾಡಿಸ್ಕಂಡು ತಿಂದ್ರು. 'ಬೇರೇರಾಗಿದ್ರೆ ಮುಚ್ಚಾಕ್ತಿದ್ರು, ನಮ್ಮ ಮೇಡಮ್ಮ ಹಂಗಲ್ಲ' ಅಂತ ಊರೆಲ್ಲ ಹೇಳ್ಕಂಡು ತಿರುಗಿದ್ರು."

"ನಾನು ಬೈದಿದ್ದು?"

"ಬೈದಿದ್ರಾ?" ದುರುಗಕ್ಕ ಅವಳನ್ನೇ ನೋಡಿದಳು. "ಅದನ್ನ ನಂಗೆ ಹೇಳೇ ಇಲ್ಲ."

ಅನುಸೂಯ ಮುಖ ಮುಚ್ಚಿಕೊಂಡು ಅತ್ತಳು. ಅಳುತ್ತಾ ಅಳುತ್ತಾ ಎದೆ ಹಗುರಾಯಿತು. ದುರುಗಕ್ಕ ಅವಳ ಬೆನ್ನು ಸವರುತ್ತಿದ್ದಳು.

ಅಷ್ಟರಲ್ಲಿ ಯಾರೋ ರೊಪ್ಪದ ಬಾಗಿಲು ತೆಗೆದರು. ಬೆಳಗಿನಿಂದ ಕೂಡಿಹಾಕಿದ್ದ ತಿಮ್ಮಪ್ಪನ ಕುರಿಗಳು ಚಪ್ಪರದೊಳಕ್ಕೇ ನುಗ್ಗಿದವು. ಒಂದು ಟಗರು, ಹೆಣವಿಟ್ಟಿದ್ದ ಜಾಗದಲ್ಲಿ ಉದುರಿದ್ದ ಚೆಂಡುಹೂವಿಗೆ ಬಾಯಿ ಹಾಕಿತು. ಕೋಲೆತ್ತಿದವರನ್ನು ದುರುಗಕ್ಕ ತಡೆದಳು.

"ತಿನ್ಲಿ ಬಿಡ್ರಪ್ಪ."

ಕೂತವರೆಲ್ಲ ಕಾಲು ಮಡಚಿ ದಾರಿ ಮಾಡಿಕೊಟ್ಟರು. ಟಗರು ಹೂ ಅಗಿಯುತ್ತಲೇ, ತುಟಿಗೆ ಒಂದು ಹಳದಿ ಎಸಳು ಅಂಟಿಸಿಕೊಂಡು, ಮಂದೆಯ ಹಿಂದೆ ಓಡಿತು.