ಹದಿನಾರು ನಡೆ

ನನ್ನ ಬಳಿ ರಾಜನ ಜೊತೆ ರಾಣಿಯೂ ಇತ್ತು. ಎದುರು ಕುಳಿತಿದ್ದ ಬಸವೇಶ್ವರನಗರದ ಟೀಚರ್ ಜಯದೇವಿಯವರ ಬಳಿ ಬರೀ ಒಂಟಿ ರಾಜ. ಗೆದ್ದರೆ ರಾಜ್ಯ ಮಹಿಳಾ ತಂಡದಲ್ಲಿ ನನಗೆ ಜಾಗ. ಡ್ರಾ ಆದರೆ ಅವರಿಗೆ. ೧೯೮೪ರ ಆ ಭಾನುವಾರ, ರಾಜಾಜಿನಗರದ ಶಾಲೆಯೊಂದರ ಹಾಲ್‌ನಲ್ಲಿ ನನ್ನ ಜಂಬ ನೋಡಬೇಕಿತ್ತು.

ಆಗ ಕಿಟಕಿಯಾಚೆ ನಿಂತಿದ್ದ ಅಪ್ಪ ಕಣ್ಣಿಗೆ ಬಿದ್ದರು. ಅಪ್ಪ ಬೈರಯ್ಯ, ಬಿನ್ನಿಪೇಟೆಯ ಕಡೆ ಗಿರಣಿಯಲ್ಲಿ ಫಿಟ್ಟರ್. ನನಗೆ ಚೆಸ್ ಕಲಿಸಿದ್ದು ಅವರು, ಅವರಿಗೆ ಕಲಿಸಿದ್ದು ಗಿರಣಿಯ ಕ್ಯಾಂಟೀನು. ಅಲ್ಲಿ ಊಟಕ್ಕೆ ಅರ್ಧ ಗಂಟೆ. ಅದಕ್ಕೇ ಒಂದು ಕಾನೂನು: ಎದುರಾಳಿಯ ರಾಜ ಒಂಟಿಯಾದ ಮೇಲೆ ಹದಿನಾರು ನಡೆಯೊಳಗೆ ಮುಗಿಸಬೇಕು, ಇಲ್ಲದಿದ್ದರೆ ಡ್ರಾ. ಸೈರನ್ ಯಾರಿಗೂ ಕಾಯುವುದಿಲ್ಲವಲ್ಲ! ಕಾಮಾಕ್ಷಿಪಾಳ್ಯದ ನಮ್ಮ ಮನೆಯಲ್ಲೂ ಅದೇ ಕಾನೂನು.

ಅಪ್ಪ ಬೆರಳಿನ ಗೆಣ್ಣು ಎಣಿಸುತ್ತಿದ್ದರು. ಲೆಕ್ಕ ಎಲ್ಲಿಗೆ ಬಂದಿತ್ತು? ಹತ್ತೋ, ಹನ್ನೆರಡೋ? ನಾನು ಎಣಿಸಿಯೇ ಇರಲಿಲ್ಲ. ರಾಣಿಯನ್ನು ಆ ಕಡೆ ಒಯ್ದೆ, ಈ ಕಡೆ ತಂದೆ, ಏನು ಮಾಡುತ್ತಿದ್ದೇನೆಂದು ನನಗೇ ಗೊತ್ತಾಗಲಿಲ್ಲ. ಹೇಗೋ ಅವರ ರಾಜ ಮೂಲೆ ಸೇರಿದ. ಅಪ್ಪನ ಹೆಬ್ಬೆರಳು ಕೊನೆಯ ಬೆರಳಿಗೆ ಬಂದಿತ್ತು. ಮುಗಿಯಿತೆಂದು ರಾಣಿಯನ್ನು ಹತ್ತಿರಕ್ಕೆ ತಂದು ಕುಕ್ಕಿದೆ.

ಜಯದೇವಿಯವರು ತೀರ್ಪುಗಾರ ಪುರುಷೋತ್ತಮ ಅವರನ್ನು ಕರೆದರು.

“ರಾಜನಿಗೆ ಚೆಕ್ ಇಲ್ಲ, ಕದಲೋಕೆ ಮನೇನೂ ಇಲ್ಲ. ಆಟ ಡ್ರಾ ಕಣಮ್ಮ,” ಎಂದರು ಪುರುಷೋತ್ತಮ. “ಮುಗಿಸೋಕೆ ಐವತ್ತು ನಡೆ ಇತ್ತಲ್ಲ, ಯಾಕಿಷ್ಟು ಅರ್ಜೆಂಟು?”

“ಹದಿನಾರಲ್ವಾ ಸಾರ್?”

“ಯಾರು ಹೇಳಿದ್ದು?”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ. ಅಪ್ಪನ ಮೇಲೋ, ಆ ಹಾಳು ಕ್ಯಾಂಟೀನಿನ ಮೇಲೋ? ಬಸ್ಸಿನಲ್ಲಿ ಅಪ್ಪ ಆಡಿದ್ದು ಒಂದೇ ಮಾತು.

“ಐವತ್ತಂತಾ?”

ಮರುದಿನ ಸಂಜೆ ಅಪ್ಪ ತಾವೇ ಬೋರ್ಡ್ ಹಾಸಿದರು. ನನಗೆ ರಾಜ, ರಾಣಿ. ತಮಗೆ ಒಂಟಿ ರಾಜ.

“ನಿಧಾನಕ್ಕೆ ಆಡಮ್ಮ. ನಾನು ಎಣ್ಸಲ್ಲ.”

ಎಣಿಸುವ ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಎಡಗೈಯಲ್ಲಿ ಆಡಿದರು. ನಾನು ರಾಣಿಯಿಂದ ದಾರಿ ಕಟ್ಟುತ್ತಾ, ನನ್ನ ರಾಜನನ್ನು ಹೆಜ್ಜೆಹೆಜ್ಜೆಯಾಗಿ ಕರೆತಂದು, ಅಂಚಿನಲ್ಲಿ ಮೇಟ್ ಕೊಟ್ಟೆ. ಈ ಸಲ ಮನಸ್ಸಿನಲ್ಲೇ ಎಣಿಸಿದ್ದೆ. ಗಲಿಬಿಲಿಯಾಗಿ ಇನ್ನೊಮ್ಮೆ ಲೆಕ್ಕ ಹಾಕಿದೆ. ಆಗಲೂ ಅಷ್ಟೇ ಬಂತು.

“ಒಂಬತ್ತೇ ನಡೆ ಅಪ್ಪ,” ಎಂದೆ. “ಹದಿನಾರು ಧಾರಾಳ ಆಗ್ತಿತ್ತು. ತಪ್ಪು ನಂದೇ.”

ಅಪ್ಪ ತೊಡೆಯ ಕೆಳಗಿನಿಂದ ಕೈ ತೆಗೆದರು. ಜೋಮು ಹಿಡಿದಿತ್ತು.