ಜೇಬಿನಲ್ಲಿ ಫ್ಯೂಸು

"ಫ್ಯೂಸ್ ಮೂರೂ ಕಿತ್ತು ಜೇಬಿಗೆ ಹಾಕ್ಕೊಂಡಿವ್ನಿ ಕಣಮ್ಮಾ. ಕಂಬ ಹತ್ತಾ ಇವ್ನಿ," ಎಂದವನೇ ಲೈನ್‌ಮನ್ ಕೆಂಪರಾಜು ಫೋನಿಟ್ಟುಬಿಟ್ಟ.

ಹೊಸೂರಿನಾಚೆಯ ಸಬ್‌ಸ್ಟೇಷನ್ನಿನಲ್ಲಿ ಕೂತಿದ್ದ ಆಪರೇಟರ್ ಭಾನುವಿಗೆ ಜೀವ ಬಾಯಿಗೆ ಬಂತು. ಇಪ್ಪತ್ತು ವರ್ಷದಿಂದ ಅವನ ಪದ್ಧತಿ ಅದೇ. ಫ್ಯೂಸು ತನ್ನ ಜೇಬಿನಲ್ಲಿದ್ದ ಮೇಲೆ ಕರೆಂಟ್ ಕೊಡುವ ಗಂಡಸು ಯಾರು? ಆದರೆ ವಿದ್ಯುತ್ ಮಂಡಳಿ ಹೋಳಾಗಿ, ಈ ಭಾಗದ ಉಸ್ತುವಾರಿ ಹೊಸ ಕಂಪನಿಯ ಕೈಗೆ ಬಂದಿತ್ತು. ಕರೆಂಟ್ ಹೋಗಲೇಬಾರದೆಂದು ಅವರು ನಿನ್ನೆಯಷ್ಟೇ ಒಂದು ಏರ್ಪಾಡು ಮಾಡಿದ್ದರು. ಒಂದು ಕಡೆಯ ಕರೆಂಟ್ ನಿಂತರೆ, ಫ್ಯೂಸು ಕಿತ್ತಿದ್ದರೂ, ಹತ್ತೇ ನಿಮಿಷಕ್ಕೆ ಇನ್ನೊಂದು ಕಡೆಯಿಂದ ತಾನಾಗಿಯೇ ಹರಿಯುತ್ತದೆ. ನಿನ್ನೆ ಕೆಂಪರಾಜು ರಜೆ ಹಾಕಿ ನಾಟ್ರಾಂಪಾಳ್ಯದ ಮಾವನ ಮನೆಯಲ್ಲಿದ್ದ. ಅವನಿಗೆ ಹೇಳುವ ಪುಣ್ಯಾತ್ಮರು ಒಬ್ಬರೂ ಇರಲಿಲ್ಲ.

ಭಾನು ಫೋನ್ ಮಾಡಿದಳು. ಎತ್ತಲಿಲ್ಲ. ಕಂಬದ ಮೇಲೆ ಫೋನ್ ಎತ್ತುವ ಆಸಾಮಿಯೇ ಅಲ್ಲ ಅವನು. ಕೃಷ್ಣಗಿರಿಯ ಮೇಲಧಿಕಾರಿ ಕುಮಾರೇಶ್‌ಗೆ ಮಾಡಿದಳು.

"ಸಾರ್, ಎಲ್ಡೂ ಕಡೆ ಆಫ್ ಮಾಡ್ಬೇಕು. ಕೆಂಪರಾಜಣ್ಣ ಕಂಬದ ಮೇಲವ್ರೆ."

"ಲೈನ್ ನಿಲ್ಸೋಕೆ ಪರ್ಮಿಟ್ ಬರ್ಕೊಟ್ಟವ್ನಾ? ಆ ಲೈನಲ್ಲಿ ಆಸ್ಪತ್ರೆ ಐತೆ, ಫ್ಯಾಕ್ಟ್ರಿ ಐತೆ. ಮೇಲೆ ಕೇಳ್ಬುಟ್ಟು ಹೇಳ್ತೀನಿ, ಇರು. ಕಾಂಟ್ರಾಕ್ಟ್ ಕೆಲ್ಸ ನಿಂದು, ನೆಪ್ಪಿರ್ಲಿ."

ಫ್ಯೂಸು ಕಿತ್ತು ಆಗಲೇ ಎಂಟು ನಿಮಿಷ ಆಗಿಹೋಗಿತ್ತು. ಇವರು ಕೇಳಿ ಹೇಳುವಷ್ಟರಲ್ಲಿ ಹೆಣ ಇಳಿಸಬೇಕಾದೀತು. ಆಸ್ಪತ್ರೆಗೆ ಜನರೇಟರ್ ಇದೆ, ಕೆಂಪರಾಜುವಿಗೆ ಏನಿದೆ? ಕೆಲಸ ಹೋಗುವ ಭಯವಿತ್ತು. ಆದರೂ ಎರಡೂ ಕಡೆಯ ಸ್ವಿಚ್ ತಿರುಗಿಸಿದಳು. ಅರ್ಧ ಊರಿನ ಕರೆಂಟ್ ಹೋಯಿತು.

ಬಿಡದೆ ಫೋನ್ ಮಾಡಿದಳು. ಏಳನೆಯ ಸಲಕ್ಕೆ ಕೆಂಪರಾಜು ಎತ್ತಿದ.

"ಏನಮ್ಮಾ, ಕಂಬದ ಮೇಲೂ ಪ್ರಾಣ ತಿಂತೀಯಲ್ಲಾ!"

ಭಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು.

"ಅಣ್ಣಾ, ಮೊದ್ಲು ಇಳೀರಿ."

"ಕಾಲು ಬತ್ತಿಲ್ಲ ಕಣ್ ತಾಯಿ." ಯಾರಿಗೂ ಜಗ್ಗದ ಕೆಂಪರಾಜು ಈಗ ಬೇಡಿಕೊಂಡ. "ಕಂಬಾನ ತಬ್ಕೊಂಡು ಕೂತಿವ್ನಿ. ನಾನು ಇಳಿಯೋಗಂಟ ಯಾರು ಏನಂದ್ರೂ ಹಾಕ್ಬ್ಯಾಡ."

"ಹಾಕಾಕಿಲ್ಲಣ್ಣಾ."

ಅಷ್ಟರಲ್ಲಿ ಎದುರಿನ ಕಂಪನಿ ಆಫೀಸಿನಿಂದ ಇಬ್ಬರು ಮೆಟ್ಟಿಲೇರಿ ಓಡಿಬಂದರು. "ಯಾರಮ್ಮಾ ಆಫ್ ಮಾಡಿದ್ದು? ಹಾಕು, ಈಗ್ಲೇ ಹಾಕು!"

ಭಾನು ಒಳಗಿನಿಂದ ಬಾಗಿಲ ಚಿಲಕ ಹಾಕಿಕೊಂಡಳು.